ಮೈದಾನದಿಂದ ಮೇಜಿಗೆ: ವಿನ್ಸ್ ಡೂಲಿ ನಡೆದ ದಾರಿ

ನಿಮ್ಮ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಒಬ್ಬರು ಇರುತ್ತಾರಷ್ಟೆ. ಕೊರಳಲ್ಲಿ ಸೀಟಿ, ಕೈಯಲ್ಲೊಂದು ಹಾಜರಿ ಪಟ್ಟಿ. ಕಬಡ್ಡಿ ತಂಡವನ್ನು ಆರಿಸಿ ಅಭ್ಯಾಸ ಮಾಡಿಸುವವರು ಅವರು. ವಾಲಿಬಾಲ್ ಬಲೆ ಹರಿದುಹೋದರೆ ಪ್ರಾಂಶುಪಾಲರ ಕೊಠಡಿಗೆ ಹೋಗಿ ಹಣ ಕೇಳುವವರೂ ಅವರೇ. ಈ ಎರಡೂ ಒಂದೇ ಕೆಲಸ ಎಂದು ನಾವು ಭಾವಿಸಿದ್ದೇವೆ. ಸ್ವಲ್ಪ ಯೋಚಿಸಿದರೆ ಇವು ತೀರ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ತರಬೇತಿಯಲ್ಲಿ ಒಂದು ತಂಡ ಗೆಲ್ಲಬೇಕು. ಆಡಳಿತದಲ್ಲಿ ಕಾಲೇಜಿನ ಎಲ್ಲ ಹುಡುಗ ಹುಡುಗಿಯರಿಗೂ ಆಡಲು ಜಾಗ, ಸಾಮಾನು, ಸಮಯ ಮತ್ತು ನ್ಯಾಯ ಸಿಗಬೇಕು. ಗೆದ್ದ ತಂಡದ ತರಬೇತುದಾರನಿಗೆ ಹಾರ ಬೀಳುತ್ತದೆ. ಆಡಳಿತಗಾರನ ಬಳಿಗೆ ಹೆಚ್ಚಾಗಿ ದೂರುಗಳು ಬರುತ್ತವೆ.

ಈ ಎರಡು ಕೆಲಸಗಳನ್ನೂ ಒಂದೊಂದು 25 ವರ್ಷ ಮಾಡಿದ ಒಬ್ಬ ವ್ಯಕ್ತಿಯ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಆತನ ಹೆಸರು ವಿನ್ಸೆಂಟ್ ಜೋಸೆಫ್ ಡೂಲಿ. ಅಮೆರಿಕದ ಜನ ವಿನ್ಸ್ ಡೂಲಿ ಎಂದೇ ಬಲ್ಲರು. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ಊರಿನಲ್ಲಿರುವ ಜಾರ್ಜಿಯಾ ವಿಶ್ವವಿದ್ಯಾಲಯ ಆತನ ಕರ್ಮಭೂಮಿ. ಇದು ಗ್ರೀಸ್ ದೇಶದ ಅಥೆನ್ಸ್ ಅಲ್ಲ. ಅಟ್ಲಾಂಟಾ ಮಹಾನಗರದ ಪೂರ್ವಕ್ಕೆ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ, ವಿದ್ಯಾಲಯದ ಸುತ್ತ ಬೆಳೆದ ಒಂದು ಪಟ್ಟಣ. ಆ ವಿಶ್ವವಿದ್ಯಾಲಯಕ್ಕೆ ಸನ್ನದು ದೊರೆತದ್ದು 1785ರಲ್ಲಿ.

ಮೊದಲು ಆಟದ ವಿಷಯ ಎರಡು ಮಾತು. ಅಮೆರಿಕದಲ್ಲಿ ಫುಟ್ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ದೂರಕ್ಕೆ ಎಸೆಯುವ, ಎದುರಾಳಿಯನ್ನು ನೆಲಕ್ಕೆ ಕೆಡಹುವ ಆಟ ಅದು. ಒಂದೊಂದು ಕಡೆಗೆ 11 ಜನ. 100 ಗಜ ಉದ್ದದ ಅಂಕಣದಲ್ಲಿ, ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಇನ್ನೊಂದು ವಿಶೇಷವೆಂದರೆ, ಆ ದೇಶದಲ್ಲಿ ಕಾಲೇಜು ವಿದ್ಯಾರ್ಥಿಗಳ ಪಂದ್ಯಗಳಿಗೇ ಜನಸಾಗರ ಸೇರುತ್ತದೆ. ಅಥೆನ್ಸಿನ ಸ್ಯಾನ್‌ಫರ್ಡ್ ಕ್ರೀಡಾಂಗಣದಲ್ಲಿ ಇಂದು 90,000ಕ್ಕೂ ಹೆಚ್ಚು ಮಂದಿ ಕುಳಿತು ಆಟ ನೋಡಬಹುದು. ಒಂದು ವಿದ್ಯಾಲಯದ ಆವರಣದೊಳಗೆ ಇಂಥ ಕ್ರೀಡಾಂಗಣ! ಆದ್ದರಿಂದ ಅಲ್ಲಿ ಫುಟ್ಬಾಲ್ ತರಬೇತುದಾರನೆಂದರೆ ಎಷ್ಟೋ ಸಲ ವಿಶ್ವವಿದ್ಯಾಲಯದ ಅಧ್ಯಕ್ಷರಿಗಿಂತ ಹೆಚ್ಚು ಪ್ರಸಿದ್ಧ. ಎಲ್ಲ ಆಟಗಳ ಹಣ, ನೇಮಕ, ಶಿಸ್ತು, ಕಟ್ಟಡ ಇವೆಲ್ಲವನ್ನೂ ನೋಡಿಕೊಳ್ಳುವ ಮೇಲಧಿಕಾರಿಯೇ ಕ್ರೀಡಾ ನಿರ್ದೇಶಕ.

ಡೂಲಿ ಹುಟ್ಟಿದ್ದು 1932ರ ಸೆಪ್ಟೆಂಬರ್ 4ರಂದು, ಅಲಬಾಮಾ ರಾಜ್ಯದ ಮೊಬೀಲ್ ಎಂಬ ಬಂದರು ಪಟ್ಟಣದಲ್ಲಿ. ಅದೇ ರಾಜ್ಯದ ಆಬರ್ನ್ ವಿದ್ಯಾಲಯದಲ್ಲಿ ಓದುತ್ತ ಫುಟ್ಬಾಲ್ ಆಡಿದ. ತಂಡದ ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನ ಆತನದು. ಪದವಿಯ ನಂತರ ನೌಕಾದಳದ ಮೆರೀನ್ ಪಡೆಯಲ್ಲಿ ಎರಡು ವರ್ಷ ಸೇವೆ ಸಲ್ಲಿಸಿ, 1956ರಲ್ಲಿ ಆಬರ್ನ್‌ಗೆ ಸಹಾಯಕ ತರಬೇತುದಾರನಾಗಿ ಮರಳಿದ. ಇಲ್ಲಿ ನೀವು ಗಮನಿಸಬೇಕಾದ ಒಂದು ಸಂಗತಿ ಇದೆ. ತರಬೇತಿ ಕೊಡುತ್ತಲೇ ಆತ ಇತಿಹಾಸದಲ್ಲಿ ಸ್ನಾತಕೋತ್ತರ ಪದವಿಗೆ ಓದಿದ. ಆಟಗಾರನಿಗೆ ಇತಿಹಾಸವೇಕೆ ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಕೊನೆಯಲ್ಲಿ ಬರೋಣ.

1963ರ ಡಿಸೆಂಬರಿನಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯ ಡೂಲಿಯನ್ನು ಮುಖ್ಯ ತರಬೇತುದಾರನನ್ನಾಗಿ ನೇಮಿಸಿತು. ಆಗ ಆತನ ವಯಸ್ಸು 31. ಅದುವರೆಗೆ ಎಲ್ಲಿಯೂ ಮುಖ್ಯ ತರಬೇತುದಾರನಾಗಿದ್ದವನಲ್ಲ. 1964ರ ಮೊದಲ ಪಂದ್ಯದಲ್ಲಿ ಬಲಾಢ್ಯ ಅಲಬಾಮಾ ತಂಡದ ಕೈಯಲ್ಲಿ 31–3ರಿಂದ ಸೋಲು. ಇಂಥ ಆರಂಭವಾದರೆ ಯಾರಿಗಾದರೂ ಎದೆಗುಂದುವುದು ಸಹಜ. ಮರುವರ್ಷ ಅದೇ ಅಲಬಾಮಾ ವಿರುದ್ಧ ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಜಾರ್ಜಿಯಾ 17–10ರಿಂದ ಹಿಂದಿತ್ತು. ಆಗ ಡೂಲಿಯ ಹುಡುಗರು ಮೊದಲೇ ಅಭ್ಯಾಸ ಮಾಡಿಟ್ಟುಕೊಂಡಿದ್ದ ಒಂದು ತಂತ್ರ ಹೂಡಿದರು. ಚೆಂಡು ಹಿಡಿದವನು ತಾನು ಓಡದೆ, ತಕ್ಷಣ ಪಕ್ಕದಲ್ಲಿ ಓಡಿಬರುತ್ತಿದ್ದ ಗೆಳೆಯನಿಗೆ ಅದನ್ನು ದಾಟಿಸಿದ. ಆತ ಯಾರ ಕೈಗೂ ಸಿಗದೆ ಗೆರೆ ಮುಟ್ಟಿದ. ಅಂಕ 17–16. ಇನ್ನೊಂದು ಸುಲಭ ಅಂಕ ಗಳಿಸಿ ಪಂದ್ಯವನ್ನು ಸಮ ಮಾಡಿಕೊಳ್ಳಬಹುದಿತ್ತು. ತರುಣ ತರಬೇತುದಾರ ಕಷ್ಟದ ಎರಡು ಅಂಕಗಳಿಗೇ ಪ್ರಯತ್ನಿಸಲು ಹೇಳಿದ. ತಂಡ ಅದನ್ನೂ ಸಾಧಿಸಿ 18–17ರಿಂದ ಗೆದ್ದಿತು.

ಅಲ್ಲಿಂದ ಗೆಲುವಿನ ಸರಣಿ. ಡೂಲಿಯ ತಂಡ 1966ರಿಂದ 1982ರ ನಡುವೆ ಆರು ಸಲ ತನ್ನ ವಲಯದ ಪ್ರಶಸ್ತಿ ಪಡೆಯಿತು. 1980ರಲ್ಲಿ ಆಡಿದ 12 ಪಂದ್ಯಗಳನ್ನೂ ಗೆದ್ದು ರಾಷ್ಟ್ರ ಚಾಂಪಿಯನ್ ಎನಿಸಿತು. ಆ ವರ್ಷ ತಂಡಕ್ಕೆ ಬಂದಿದ್ದ ಹರ್ಷಲ್ ವಾಕರ್ ಎಂಬ ಹದಿನೆಂಟರ ಹುಡುಗ, ಕೊನೆಯ ಪಂದ್ಯದಲ್ಲಿ ಭುಜದ ಕೀಲು ತಪ್ಪಿದ್ದರೂ ಮತ್ತೆ ಅಂಕಣಕ್ಕಿಳಿದು ಆಡಿದ. ಒಟ್ಟು 25 ವರ್ಷಗಳಲ್ಲಿ ಡೂಲಿಯ ಲೆಕ್ಕ ಇದು: 201 ಗೆಲುವು, 77 ಸೋಲು, 10 ಸಮ. ಗೆಲುವಿಗಿಂತ ಸೋಲು ಹೆಚ್ಚಾದ ವರ್ಷ ಒಂದೇ ಒಂದು, 1977.

ಇಷ್ಟೇ ಆಗಿದ್ದರೆ ಇದು ಇನ್ನೊಬ್ಬ ಯಶಸ್ವಿ ತರಬೇತುದಾರನ ಕಥೆಯಾಗುತ್ತಿತ್ತು. ಗೆಲುವಿನ ಈ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನೂ ಇಡಬೇಕು. ಜಾರ್ಜಿಯಾ ವಿಶ್ವವಿದ್ಯಾಲಯದ ಬಾಗಿಲು ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗೆ ತೆರೆದದ್ದು 1961ರಲ್ಲಿ, ಅದೂ ನ್ಯಾಯಾಲಯದ ಆದೇಶದಿಂದ. ಆದರೆ ಡೂಲಿ ಬಂದ ಮೇಲೂ ಹಲವು ವರ್ಷ ಫುಟ್ಬಾಲ್ ತಂಡದಲ್ಲಿ ವಿದ್ಯಾರ್ಥಿವೇತನ ಪಡೆದ ಕಪ್ಪು ವರ್ಣೀಯ ಆಟಗಾರ ಒಬ್ಬನೂ ಇರಲಿಲ್ಲ. 1971ರಲ್ಲಿ ಐವರು ತರುಣರು ಒಟ್ಟಿಗೆ ಬಂದರು. ಒಂಬತ್ತು ವರ್ಷದ ತರುವಾಯ ವಾಕರ್ ಇಡೀ ರಾಜ್ಯದ ಕಣ್ಮಣಿಯಾದ. ಆ ಬದಲಾವಣೆ ಸಂತೋಷದ್ದು. ತಡವಾಗಿ ಬಂದದ್ದೂ ನಿಜ. ಇತಿಹಾಸ ಓದಿದವನ ಕಥೆ ಹೇಳುವಾಗ ಎರಡನ್ನೂ ಹೇಳುವುದು ಧರ್ಮ.

1979ರಲ್ಲಿ ಡೂಲಿ ಕ್ರೀಡಾ ನಿರ್ದೇಶಕನೂ ಆದ. ತರಬೇತುದಾರನ ಕೆಲಸವನ್ನು ಬಿಡಲಿಲ್ಲ. ಮುಂದಿನ ಹತ್ತು ಋತುಗಳ ಕಾಲ ಒಬ್ಬನೇ ಮನುಷ್ಯ ಎರಡು ಕುರ್ಚಿಗಳಲ್ಲಿ ಕುಳಿತ. ಬೆಳಿಗ್ಗೆ ಮೇಜಿನ ಹಿಂದೆ ಕಡತ, ಮಧ್ಯಾಹ್ನ ಮೈದಾನದಲ್ಲಿ ಸೀಟಿ. ಫುಟ್ಬಾಲ್ ತರಬೇತುದಾರ ಏನಾದರೂ ಕೇಳಿದರೆ "ಆಗದು" ಎನ್ನಬೇಕಾದ ಮೇಲಧಿಕಾರಿಯೂ ಅವನೇ! ಆ ಕಾಲದ ಅಮೆರಿಕದಲ್ಲಿ ಇದು ಅಪರೂಪವೇನೂ ಆಗಿರಲಿಲ್ಲ. ಆದರೂ ಈ ವ್ಯವಸ್ಥೆಯಲ್ಲಿ ಅಡಗಿರುವ ಅಪಾಯ ನಿಮಗೆ ಹೊಳೆದಿರಬೇಕು.

ಇದೇ ಅವಧಿಯಲ್ಲಿ ದೂರದರ್ಶನದ ವಿಷಯವಾಗಿ ಒಂದು ದೊಡ್ಡ ಮೊಕದ್ದಮೆ ನಡೆಯಿತು. ಆಗ ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವು, ಯಾವ ಕಾಲೇಜಿನ ಪಂದ್ಯ ಎಷ್ಟು ಸಲ ದೂರದರ್ಶನದಲ್ಲಿ ಪ್ರಸಾರವಾಗಬಹುದು ಎಂಬುದನ್ನು ತಾನೇ ನಿಗದಿಪಡಿಸುತ್ತಿತ್ತು. ಮನೆಯಲ್ಲೇ ಆಟ ಕಂಡರೆ ಕ್ರೀಡಾಂಗಣಕ್ಕೆ ಜನ ಬರುವುದಿಲ್ಲ, ಸಣ್ಣ ಕಾಲೇಜುಗಳು ಸೊರಗುತ್ತವೆ ಎಂಬುದು ಸಂಘದ ವಾದ. ಓಕ್ಲಹೋಮ ವಿಶ್ವವಿದ್ಯಾಲಯವೂ ಜಾರ್ಜಿಯಾ ವಿಶ್ವವಿದ್ಯಾಲಯದ ಕ್ರೀಡಾಮಂಡಳಿಯೂ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದವು. 1984ರ ಜೂನ್ 27ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಏಳು–ಎರಡರ ಬಹುಮತದಿಂದ ತೀರ್ಪು ನೀಡಿ, ಸಂಘದ ಈ ಕಟ್ಟುಪಾಡು ಸ್ಪರ್ಧೆಯನ್ನು ತಡೆಯುವ ಕಾನೂನುಬಾಹಿರ ಕ್ರಮವೆಂದಿತು. ಭಿನ್ನಮತ ಬರೆದ ನ್ಯಾಯಾಧೀಶರು ಯಾರು ಗೊತ್ತೆ? ಬೈರನ್ ವೈಟ್. ತಮ್ಮ ತಾರುಣ್ಯದಲ್ಲಿ ಕಾಲೇಜು ಫುಟ್ಬಾಲಿನ ಪ್ರಖ್ಯಾತ ಆಟಗಾರರು ಅವರು! ಕಾಲೇಜಿನ ಆಟ ವಿದ್ಯೆಯ ಒಂದು ಅಂಗ, ಅದನ್ನು ಬರಿಯ ವ್ಯಾಪಾರದಂತೆ ಅಳೆಯಬಾರದು ಎಂಬುದು ಅವರ ನಿಲುವು.

ಆ ತೀರ್ಪಿನಿಂದ ಹಣದ ಹೊಳೆ ಹರಿಯಿತು. ನಮ್ಮ ದೇಶದಲ್ಲೂ 1995ರಲ್ಲಿ ಕ್ರಿಕೆಟ್ ಪ್ರಸಾರದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ಆಕಾಶದ ಪ್ರಸಾರ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಹೇಳಿ ಸರ್ಕಾರದ ಏಕಸ್ವಾಮ್ಯವನ್ನು ಸಡಿಲಿಸಿತು. ಆ ಮೇಲೆ ಕ್ರಿಕೆಟ್ ಎಷ್ಟು ಶ್ರೀಮಂತವಾಯಿತೆಂದು ನಿಮಗೇ ಗೊತ್ತಿದೆ. ಅಮೆರಿಕದಲ್ಲೂ ಹೀಗೇ ಆಯಿತು. ತರಬೇತುದಾರರ ಸಂಬಳ ಏರಿತು, ಕ್ರೀಡಾಂಗಣಗಳು ಬೆಳೆದವು, ಹಣದ ಆಸೆಗೆ ಕಾಲೇಜುಗಳು ವಲಯದಿಂದ ವಲಯಕ್ಕೆ ಹಾರಿದವು. ಆಡುವ ಹುಡುಗರಿಗೆ ಮಾತ್ರ ಬಹುಕಾಲ ವಿದ್ಯಾರ್ಥಿವೇತನಕ್ಕಿಂತ ಹೆಚ್ಚೇನೂ ಸಿಗಲಿಲ್ಲ. 2021ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಆಟಗಾರರ ಪರವಾಗಿ ತೀರ್ಪು ಕೊಟ್ಟಿತು. 2025ರ ಜೂನಿನಲ್ಲಿ ಇನ್ನೊಂದು ನ್ಯಾಯಾಲಯ ಒಪ್ಪಿದ ಇತ್ಯರ್ಥದ ಪ್ರಕಾರ, ಕಾಲೇಜುಗಳು ತಮ್ಮ ವರಮಾನದ ಪಾಲನ್ನು ಆಟಗಾರರಿಗೆ ನೇರವಾಗಿ ಕೊಡಬಹುದಾಯಿತು. 1984ರಲ್ಲಿ ತೆರೆದ ಬಾಗಿಲಿನ ಲೆಕ್ಕ ಚುಕ್ತವಾಗಲು 40 ವರ್ಷ ಬೇಕಾಯಿತು ನೋಡಿ.

ಈಗ ಕಹಿಯಾದ ಅಧ್ಯಾಯಕ್ಕೆ ಬರೋಣ. "ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು" ಎಂಬ ಮಾತು ನಮ್ಮಲ್ಲಿದೆ. ಜಾರ್ಜಿಯಾದಲ್ಲಿ, ಓದಿನಲ್ಲಿ ಹಿಂದುಳಿದ ವಿದ್ಯಾರ್ಥಿಗಳಿಗಾಗಿ ಒಂದು ವಿಶೇಷ ವಿಭಾಗವಿತ್ತು. ಅಲ್ಲಿ ಇಂಗ್ಲಿಷ್, ಗಣಿತದ ಅಡಿಪಾಯ ಭದ್ರಪಡಿಸಿಕೊಂಡವರು ಮಾತ್ರ ಮುಂದಿನ ತರಗತಿಗಳಿಗೆ ಹೋಗಬೇಕು. 1981ರ ಕೊನೆಯಲ್ಲಿ ಒಂಬತ್ತು ಮಂದಿ ಫುಟ್ಬಾಲ್ ಆಟಗಾರರು ಈ ವಿಭಾಗದ ಇಂಗ್ಲಿಷಿನಲ್ಲಿ ನಪಾಸಾದರು. ನಿಯಮದಂತೆ ನಡೆದಿದ್ದರೆ ಅವರು ಹೊರಗುಳಿಯಬೇಕಿತ್ತು. ವಿಶ್ವವಿದ್ಯಾಲಯದ ಅಧಿಕಾರಿಗಳು ಅವರನ್ನು ಮುಂದಕ್ಕೆ ದಾಟಿಸಿಬಿಟ್ಟರು. ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಜಾನ್ ಕೆಂಪ್ ಎಂಬ ಅಧ್ಯಾಪಕಿ ಇದನ್ನು ಪ್ರತಿಭಟಿಸಿದರು. ಮೊದಲು ಅವರ ಸ್ಥಾನ ಇಳಿಯಿತು. 1983ರಲ್ಲಿ ಕೆಲಸವೇ ಹೋಯಿತು.

ಆಕೆ ನ್ಯಾಯಾಲಯಕ್ಕೆ ಹೋದರು. 1986ರಲ್ಲಿ ವಿಚಾರಣೆ ನಡೆದಾಗ ವಿಶ್ವವಿದ್ಯಾಲಯದ ಪರ ವಕೀಲರು ಆಡಿದ ಮಾತಿನ ಸಾರಾಂಶ ಹೀಗಿತ್ತು: ಇಂಥ ಆಟಗಾರ ವಿದ್ವಾಂಸನಾಗದೇ ಇರಬಹುದು, ನಾಲ್ಕಕ್ಷರ ಕಲಿತರೆ ಆಟ ಮುಗಿದ ಮೇಲೆ ಕಸ ಎತ್ತುವ ಬದಲು ಅಂಚೆ ಕಚೇರಿಯಲ್ಲಾದರೂ ಕೆಲಸ ಮಾಡಿಯಾನು. ಈ ಮಾತು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆಟಗಾರರನ್ನು ರಕ್ಷಿಸಲು ಆಡಿದ ಮಾತು ಅವರನ್ನು ಎಷ್ಟು ಹಗುರವಾಗಿ ಕಂಡಿತೆಂದು ನೀವೇ ಆಲೋಚಿಸಿ. ತೀರ್ಪುಗಾರರ ಮಂಡಳಿ ಕೆಂಪ್ ಅವರಿಗೆ 25 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ವಿಧಿಸಿತು. ಮುಂದೆ ಅದು ಸುಮಾರು 10.8 ಲಕ್ಷಕ್ಕೆ ಇಳಿದು ಇತ್ಯರ್ಥವಾಯಿತು. ಆಕೆಗೆ ಕೆಲಸ ಮರಳಿ ಸಿಕ್ಕಿತು. ವಿಶ್ವವಿದ್ಯಾಲಯದ ಅಧ್ಯಕ್ಷರು ಆ ವರ್ಷವೇ ರಾಜೀನಾಮೆ ಕೊಟ್ಟರು.

ಆ ಮೊಕದ್ದಮೆಯಲ್ಲಿ ಡೂಲಿ ಪ್ರತಿವಾದಿಯಾಗಿರಲಿಲ್ಲ. ಹುಡುಗರನ್ನು ದಾಟಿಸಿದ ಆದೇಶವೂ ಆತನದಲ್ಲ, ಶಿಕ್ಷಣ ವಿಭಾಗದ್ದು. ಆದರೆ ಆ ಒಂಬತ್ತು ಮಂದಿ ಆತನ ತಂಡದವರು. ಆ ತಂಡದ ಮೇಲೆ ಕಣ್ಣಿಡಬೇಕಾದ ಕ್ರೀಡಾ ನಿರ್ದೇಶಕನೂ ಆತನೇ. ಎರಡು ಕುರ್ಚಿಗಳಲ್ಲಿ ಒಬ್ಬನೇ ಕುಳಿತಾಗ ಆಗುವ ತೊಂದರೆ ಇದು. ಅಷ್ಟರಲ್ಲಿ ರಾಷ್ಟ್ರೀಯ ಸಂಘವೂ ಎಚ್ಚೆತ್ತಿತ್ತು. ಪ್ರೌಢಶಾಲೆಯ ಮುಖ್ಯ ವಿಷಯಗಳಲ್ಲಿ ಮತ್ತು ಪ್ರವೇಶ ಪರೀಕ್ಷೆಯಲ್ಲಿ ಕನಿಷ್ಠ ಅಂಕ ಪಡೆಯದ ಹೊಸ ವಿದ್ಯಾರ್ಥಿ ಮೊದಲ ವರ್ಷ ಆಡುವಂತಿಲ್ಲ ಎಂಬ ನಿಯಮ 1986ರಿಂದ ಜಾರಿಗೆ ಬಂತು.

ಇಲ್ಲಿ ಸ್ವಲ್ಪ ನಿಂತು ನಿಮ್ಮನ್ನು ಕೇಳುತ್ತೇನೆ. ವಿಶ್ವವಿದ್ಯಾಲಯದ ತಂಡಕ್ಕೆ ಆಡುವ ನಿಮ್ಮ ಗೆಳೆಯನಿಗೆ ಹಾಜರಿ ಕಡಿಮೆ ಬಿದ್ದಿದೆ ಎನ್ನಿ. "ಆಟಗಾರನಲ್ಲವೆ, ಹಾಕಿಬಿಡಿ ಸಾರ್" ಎಂದು ಅಧ್ಯಾಪಕರನ್ನು ಕೇಳುವುದು ಉಪಕಾರವೋ ಅಪಕಾರವೋ? ಆಟಕ್ಕೆ ಹೋದ ದಿನಗಳ ಪಾಠವನ್ನು ಆ ಹುಡುಗನಿಗೆ ಮತ್ತೆ ಹೇಳಿಕೊಡುವುದು ಸಹಾಯ. ಪಾಠವೇ ಬೇಡವೆಂದು ಅಂಕ ಹಾಕಿಕೊಡುವುದು ಅವನ ಮುಂದಿನ 40 ವರ್ಷಗಳನ್ನು ಕಸಿದುಕೊಂಡಂತೆ. ಮೊಣಕಾಲು ಒಂದು ದಿನ ನೋಯುತ್ತದೆ, ಆಟ ನಿಲ್ಲುತ್ತದೆ. ಆ ಮೇಲೆ ಕೈಹಿಡಿಯುವುದು ಕಲಿತದ್ದು ಮಾತ್ರ.

1989ರ ಜನವರಿ 1ರಂದು ಡೂಲಿ ಕೊನೆಯ ಬಾರಿಗೆ ತರಬೇತುದಾರನಾಗಿ ಮೈದಾನಕ್ಕಿಳಿದ. ಮಿಷಿಗನ್ ಸ್ಟೇಟ್ ತಂಡದ ಮೇಲೆ 34–27ರ ಗೆಲುವು ಬಂತು. ಅದು 201ನೆಯದು. ಅಲ್ಲಿಂದ ಮುಂದೆ ಆತ ಬರಿಯ ಆಡಳಿತಗಾರ. ವಯಸ್ಸು ಆಗಿನ್ನೂ 56. ತಾನೇ ಬೆಳೆಸಿದ ತಂಡವನ್ನು ತನ್ನ ಹಳೆಯ ಶಿಷ್ಯ ರೇ ಗಾಫ್‌ಗೆ ಒಪ್ಪಿಸಿದ. ಏಳು ವರ್ಷಗಳಾದರೂ ತಂಡ ನಿರೀಕ್ಷೆ ಮುಟ್ಟದಾಗ, 1995ರಲ್ಲಿ ಅದೇ ಶಿಷ್ಯನನ್ನು ಕೆಲಸದಿಂದ ಬಿಡಿಸಬೇಕಾಗಿ ಬಂತು. ತರಬೇತುದಾರ ಪಂದ್ಯ ಸೋತರೆ ಮುಂದಿನ ಶನಿವಾರ ಇನ್ನೊಂದು ಪಂದ್ಯ ಇರುತ್ತದೆ. ಆಡಳಿತಗಾರನ ಇಂಥ ನಿರ್ಧಾರಗಳಿಗೆ ಮುಂದಿನ ಶನಿವಾರ ಎಂಬುದಿಲ್ಲ.

ಹಾಗಾದರೆ ಆಡಳಿತಗಾರನ ಗೆಲುವು ಯಾವುದು? ಇದಕ್ಕೆ ಉತ್ತರವಾಗಿ ಹುಡುಗಿಯರ ಕಡೆ ನೋಡೋಣ. 1972ರಲ್ಲಿ ಅಮೆರಿಕದಲ್ಲಿ ಒಂದು ಕಾನೂನು ಬಂತು. ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗಭೇದ ಮಾಡಕೂಡದು ಎಂಬುದು ಅದರ ಸಾರ. ಅದು ಕ್ರೀಡೆಗೂ ಅನ್ವಯಿಸುತ್ತದೆ ಎಂದಾಗ ಆ ದೇಶದ ಎಷ್ಟೋ ಮಂದಿ ಫುಟ್ಬಾಲ್ ಧುರೀಣರು ಗದ್ದಲವೆಬ್ಬಿಸಿದರು. ನಾವು ಗಳಿಸಿದ ಹಣವನ್ನು ಹುಡುಗಿಯರ ಆಟಕ್ಕೇಕೆ ಕೊಡಬೇಕು ಎಂಬುದು ಅವರ ಪ್ರಶ್ನೆ. ಹಣ ತರುವ ಆಟಗಳನ್ನು ಕಾನೂನಿನಿಂದ ಹೊರಗಿಡಲು ಸಂಸತ್ತಿನಲ್ಲಿ ಪ್ರಯತ್ನವೂ ನಡೆದು ವಿಫಲವಾಯಿತು.

ಡೂಲಿ ನಿರ್ದೇಶಕನಾಗಿದ್ದ ಕಾಲದಲ್ಲಿ ಜಾರ್ಜಿಯಾ ಈ ಪ್ರಶ್ನೆಗೆ ಮೈದಾನದಲ್ಲೇ ಉತ್ತರ ಕೊಟ್ಟಿತು. ಒಳ್ಳೆಯ ತರಬೇತುದಾರರನ್ನು ಹುಡುಕಿ ತಂದು, ಅವರನ್ನು ಬಹುಕಾಲ ಉಳಿಸಿಕೊಂಡಿತು. ಸುಝಾನ್ ಯೋಕುಲನ್ ಎಂಬಾಕೆ ಪಳಗಿಸಿದ ಮಹಿಳಾ ಜಿಮ್ನಾಸ್ಟಿಕ್ಸ್ ತಂಡ 1987, 1989, 1993, 1998, 1999 ಹೀಗೆ ಐದು ಸಲ ರಾಷ್ಟ್ರ ಪ್ರಶಸ್ತಿ ಗೆದ್ದಿತು. ಮಹಿಳೆಯರ ಈಜು ತಂಡ 1999ರಿಂದ ಮೂರು ವರ್ಷ ಬಿಡದೆ ಗೆದ್ದಿತು. ಟೆನಿಸ್, ಗಾಲ್ಫ್‌ಗಳಲ್ಲೂ ಪ್ರಶಸ್ತಿಗಳು ಬಂದವು. ಜಾರ್ಜಿಯಾದ ಕೈರೋ ಎಂಬ ಸಣ್ಣ ಊರಿನ ತೆರೇಸಾ ಎಡ್ವರ್ಡ್ಸ್ 1982ರಿಂದ 1986ರವರೆಗೆ ಈ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದಳು. ಐದು ಒಲಿಂಪಿಕ್ಸ್‌ಗಳಲ್ಲಿ ಭಾಗವಹಿಸಿ ನಾಲ್ಕು ಚಿನ್ನ, ಒಂದು ಕಂಚು ಗೆದ್ದಳು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಉದ್ಘಾಟನೆಯ ದಿನ, ಇಡೀ ಜಗತ್ತಿನ ಕ್ರೀಡಾಪಟುಗಳ ಪರವಾಗಿ ಪ್ರತಿಜ್ಞೆ ಸ್ವೀಕರಿಸಿದವಳು ಆಕೆಯೇ.

ಅದೇ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಮ್ಮ ಲಿಯಾಂಡರ್ ಪೇಸ್ ಟೆನಿಸ್‌ನಲ್ಲಿ ಕಂಚು ಗೆದ್ದದ್ದು ನಿಮಗೆ ತಿಳಿದಿದೆ. ಮಹಿಳೆಯರ ಕಾಲ್ಚೆಂಡಾಟ, ನಮ್ಮ ಫುಟ್ಬಾಲ್, ಒಲಿಂಪಿಕ್ಸ್‌ಗೆ ಮೊದಲ ಬಾರಿ ಸೇರಿದ್ದೂ ಆಗಲೇ. ಅದರ ಅಂತಿಮ ಪಂದ್ಯಕ್ಕೆ ಆರಿಸಿದ್ದು ಅಥೆನ್ಸಿನ ಸ್ಯಾನ್‌ಫರ್ಡ್ ಕ್ರೀಡಾಂಗಣವನ್ನು. ಅಲ್ಲೊಂದು ತೊಡಕಿತ್ತು. 1929ರಲ್ಲಿ ಆ ಕ್ರೀಡಾಂಗಣ ಆರಂಭವಾದಾಗಿನಿಂದ ಅಂಕಣದ ಸುತ್ತ ಪ್ರಿವೆಟ್ ಎಂಬ ಪೊದೆಗಿಡದ ಬೇಲಿ ಇದೆ. ಅಚ್ಚುಕಟ್ಟಾಗಿ ಕತ್ತರಿಸಿದ ಆ ಹಸಿರು ಬೇಲಿ ಅಲ್ಲಿನ ಜನರಿಗೆ ನಮ್ಮೂರಿನ ಅರಳಿಕಟ್ಟೆ ಇದ್ದಂತೆ. ಅಜ್ಜ ಮೊಮ್ಮಕ್ಕಳೆಲ್ಲರ ನೆನಪೂ ಅದಕ್ಕೆ ಅಂಟಿಕೊಂಡಿದೆ. ಆದರೆ ಅಮೆರಿಕನ್ ಫುಟ್ಬಾಲಿನ ಅಂಕಣದ ಅಗಲ 50 ಮೀಟರಿಗೂ ಕಡಿಮೆ. ಕಾಲ್ಚೆಂಡಾಟಕ್ಕೆ ಇನ್ನೂ ಅಗಲವಾದ ಅಂಕಣ ಬೇಕು. ಬೇಲಿ ತೆಗೆಯದೆ ಹುಡುಗಿಯರು ಅಲ್ಲಿ ಆಡುವಂತಿರಲಿಲ್ಲ.

ಬೇಲಿ ಕೀಳುವುದೆಂದರೆ ಜನ ಕೆರಳುವ ಮಾತು. ಆ ಬೇಲಿಯೊಳಗೆ 25 ವರ್ಷ ಗೆದ್ದವನೇ ಆಗ ಕ್ರೀಡಾ ನಿರ್ದೇಶಕ. ಹಳೆಯ ಗಿಡಗಳಿಂದ ಮೊದಲೇ ತುಂಡುಗಳನ್ನು ತೆಗೆದು ಬೇರೆಡೆ ಗುಟ್ಟಾಗಿ ನೆಟ್ಟು ಬೆಳೆಸಿದರು. ಆ ಮೇಲೆ ಹಳೆಯ ಬೇಲಿಯನ್ನು ಕಿತ್ತರು. 1996ರ ಆಗಸ್ಟ್ 1ರ ಸಂಜೆ 76,000ಕ್ಕೂ ಹೆಚ್ಚು ಜನರ ಮುಂದೆ ಅಮೆರಿಕದ ಮಹಿಳೆಯರು ಚೀನಾದ ಮಹಿಳೆಯರನ್ನು 2–1ರಿಂದ ಸೋಲಿಸಿ ಆ ಆಟದ ಮೊದಲ ಒಲಿಂಪಿಕ್ ಚಿನ್ನ ಗೆದ್ದರು. ಒಲಿಂಪಿಕ್ಸ್ ಮುಗಿದ ಮೇಲೆ, ಅದೇ ಗಿಡಗಳ ಸಂತತಿಯ ಹೊಸ ಸಸಿಗಳು ಹಳೆಯ ಜಾಗಕ್ಕೆ ಮರಳಿದವು.

ಡೂಲಿಯ 201 ಗೆಲುವುಗಳ ಪಟ್ಟಿಯಲ್ಲಿ ಈ ಪಂದ್ಯ ಇಲ್ಲ. ಆಡಿದವರು ಆತನ ಶಿಷ್ಯರಲ್ಲ, ಆಟ ಆತನ ಆಟವಲ್ಲ. ಆದರೂ ಆಡಳಿತಗಾರನ ಗೆಲುವು ಯಾವುದೆಂದು ಯಾರಾದರೂ ಕೇಳಿದರೆ ನಾನು ಆ ಸಂಜೆಯನ್ನು ತೋರಿಸುತ್ತೇನೆ. ಇತರರಿಗೆ ಜಾಗ ಮಾಡಿಕೊಡಲು ತನಗೆ ಪ್ರಿಯವಾದ ಬೇಲಿಯನ್ನು ತೆಗೆಯುವ ಧೈರ್ಯ ಬೇಕು. ತೆಗೆಯುವ ಮುನ್ನ ಅದರ ಸಸಿಗಳನ್ನು ಬೆಳೆಸಿಟ್ಟುಕೊಳ್ಳುವ ವಿವೇಕವೂ ಬೇಕು.

ಕೊನೆಗೆ ಹೊರಡುವ ಸಮಯವೂ ಬಂತು. ಇನ್ನೂ ಕೆಲವು ವರ್ಷ ಮುಂದುವರಿಯಬೇಕೆಂದು ಡೂಲಿಗೆ ಆಸೆಯಿತ್ತು. 2003ರಲ್ಲಿ ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷರು ಅವಧಿ ವಿಸ್ತರಿಸಲು ಒಪ್ಪಲಿಲ್ಲ. ಅಭಿಮಾನಿಗಳು ಸಿಟ್ಟಾದರು, ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ನಿರ್ಧಾರ ಬದಲಾಗಲಿಲ್ಲ. 2004ರ ಜೂನ್ 30ರಂದು ಆತ ಕುರ್ಚಿ ಬಿಟ್ಟ. ಆ ಕುರ್ಚಿಗೆ ಬಂದವರು ಡೇಮನ್ ಇವಾನ್ಸ್, ಜಾರ್ಜಿಯಾದ ಹಳೆಯ ಆಟಗಾರ, ಆ ವಲಯದ ಮೊಟ್ಟಮೊದಲ ಕಪ್ಪು ವರ್ಣೀಯ ಕ್ರೀಡಾ ನಿರ್ದೇಶಕ. 1971ರಲ್ಲಿ ಬಂದ ಆ ಐವರು ತರುಣರನ್ನು ಇಲ್ಲಿ ನೆನೆಸಿಕೊಳ್ಳಿ. ಆಟಗಾರನಾಗಿ ಒಳಗೆ ಬರುವುದಕ್ಕೂ ಅಧಿಕಾರಿಯ ಮೇಜಿನ ಹಿಂದೆ ಕೂರುವುದಕ್ಕೂ ನಡುವೆ 33 ವರ್ಷಗಳ ಅಂತರ.

ಕೆಲಸ ಹೋದ ಮೇಲೆ 71ರ ಮನುಷ್ಯ ಏನು ಮಾಡಬೇಕು? ಇಲ್ಲಿಗೆ ಆ ಹಳೆಯ ಪ್ರಶ್ನೆ ಮರಳಿ ಬರುತ್ತದೆ: ಆಟಗಾರನಿಗೆ ಇತಿಹಾಸವೇಕೆ? ಡೂಲಿ ಕೆಲಸದಲ್ಲಿದ್ದಾಗಲೂ ಬಿಡುವಾದಾಗ ತನ್ನದೇ ವಿಶ್ವವಿದ್ಯಾಲಯದ ತರಗತಿಗಳಲ್ಲಿ ವಿದ್ಯಾರ್ಥಿಗಳ ನಡುವೆ ಕುಳಿತು ಪಾಠ ಕೇಳುತ್ತಿದ್ದ. ಇತಿಹಾಸ ಕೇಳಿದ, ಆಮೇಲೆ ತೋಟಗಾರಿಕೆ ಕೇಳಿದ. ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಆತನಿಗೆ ಗುರುಗಳಾದರು. ನಿವೃತ್ತಿಯ ನಂತರ ಮನೆಯ ಸುತ್ತಲಿನ ತೋಟವೇ ಪಾಠಶಾಲೆಯಾಯಿತು. ಆ ಕುರಿತು 2010ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದ. ಅಮೆರಿಕದ ಅಂತರ್ಯುದ್ಧದ ಕಾಲದ ಒಬ್ಬ ಸೇನಾಧಿಕಾರಿಯ ಪತ್ರಗಳನ್ನು ಇನ್ನೊಬ್ಬ ವಿದ್ವಾಂಸರೊಡನೆ ಸಂಪಾದಿಸಿ 2017ರಲ್ಲಿ ಹೊರತಂದಾಗ ಆತನ ವಯಸ್ಸು 85ರ ಸಮೀಪ. ಜಾರ್ಜಿಯಾದ ಇತಿಹಾಸ ಸಂಘದ ಅಧ್ಯಕ್ಷಸ್ಥಾನವನ್ನೂ ವಹಿಸಿದ.

ಕೊಡಗು, ಚಿಕ್ಕಮಗಳೂರಿನ ಹಳೆಯ ಬಂಗಲೆಗಳ ಅಂಗಳದಲ್ಲಿ ನೀವು ಹೈಡ್ರಾಂಜಿಯ ಹೂವಿನ ದೊಡ್ಡ ಗೊಂಚಲುಗಳನ್ನು ನೋಡಿರಬಹುದು. ಆ ಜಾತಿಯ ಹಲವು ಗಿಡಗಳ ಮೊಗ್ಗು ಕೊಂಬೆಯ ತುದಿಯಲ್ಲಿರುತ್ತದೆ. ವಸಂತದಲ್ಲಿ ಅಕಾಲದ ಹಿಮ ಬಿದ್ದರೆ ತುದಿ ಸುಟ್ಟು ಆ ವರ್ಷ ಹೂವೇ ಇಲ್ಲ. ಡೂಲಿಯ ತೋಟದ ಒಂದು ಗಿಡ ಮಾತ್ರ ಹಿಮ ಬಿದ್ದ ವರ್ಷವೂ ಹೂ ಬಿಟ್ಟಿತು. ಕಾರಣ, ಅದರ ಮೊಗ್ಗುಗಳು ಕಾಂಡದ ಉದ್ದಕ್ಕೂ ಹರಡಿಕೊಂಡಿದ್ದವು. ಸಸ್ಯತಜ್ಞ ಮೈಕೆಲ್ ಡರ್ ಅದನ್ನು ಗುರುತಿಸಿದರು. ಆ ತಳಿಗೆ ಡೂಲಿ ಎಂದೇ ಹೆಸರು ಬಂತು. ಇಂದು ಅದು ಸಸ್ಯಾಗಾರಗಳಲ್ಲಿ ಮಾರಾಟಕ್ಕೆ ಸಿಗುತ್ತದೆ.

2019ರ ಸೆಪ್ಟೆಂಬರಿನಲ್ಲಿ ಸ್ಯಾನ್‌ಫರ್ಡ್ ಕ್ರೀಡಾಂಗಣದ ಅಂಕಣಕ್ಕೆ ಡೂಲಿಯ ಹೆಸರಿಟ್ಟರು. 2022ರ ಜನವರಿಯಲ್ಲಿ ಜಾರ್ಜಿಯಾ ತಂಡ ಅಲಬಾಮಾವನ್ನು 33–18ರಿಂದ ಸೋಲಿಸಿ, 1980ರ ನಂತರ ಮೊದಲ ಬಾರಿಗೆ ರಾಷ್ಟ್ರ ಚಾಂಪಿಯನ್ ಆಯಿತು. ಅದನ್ನು ಕಣ್ಣಾರೆ ಕಂಡು, ಅದೇ ವರ್ಷದ ಅಕ್ಟೋಬರ್ 28ರಂದು, 90ನೆಯ ವಯಸ್ಸಿನಲ್ಲಿ ಅಥೆನ್ಸಿನ ತನ್ನ ಮನೆಯಲ್ಲಿ ಆತ ತೀರಿಕೊಂಡ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಆಟಗಾರರಾಗುತ್ತೀರಿ. ಅವರಲ್ಲಿ ಒಂದಿಬ್ಬರು ನಾಳೆ ತರಬೇತುದಾರರೋ ಕ್ರೀಡಾಧಿಕಾರಿಗಳೋ ಆದೀರಿ. ಉಳಿದವರು ಯಾವುದೋ ಕಚೇರಿಯಲ್ಲಿ, ಶಾಲೆಯಲ್ಲಿ, ಸಂಘದಲ್ಲಿ ಮೇಜಿನ ಹಿಂದೆ ಕೂರುವಿರಿ. ಆಗ ನಿಮ್ಮ ಸ್ವಂತ ತಂಡಕ್ಕೆ ಒಂದು ನ್ಯಾಯ, ಮಿಕ್ಕವರಿಗೆ ಇನ್ನೊಂದು ನ್ಯಾಯ ಮಾಡುವ ಆಸೆ ಖಂಡಿತ ಬರುತ್ತದೆ. ಆ ಗಳಿಗೆಯಲ್ಲಿ ಎರಡು ಬೇಲಿಗಳನ್ನು ನೆನೆಸಿಕೊಳ್ಳಿ: ಹೊಲ ಕಾಯಲಾರದೆ ಹೋದ ಆ 1981ರ ಬೇಲಿ, ಇತರರಿಗೆ ಜಾಗ ಬಿಟ್ಟುಕೊಟ್ಟು ಮತ್ತೆ ಚಿಗುರಿದ 1996ರ ಬೇಲಿ. ಎರಡೂ ಇದ್ದದ್ದು ಒಂದೇ ಊರಿನಲ್ಲಿ, ಒಬ್ಬನೇ ಮನುಷ್ಯನ ಕಾಲದಲ್ಲಿ.

ಇಂದು ಸಂಜೆ ಕಾಲೇಜಿನ ಮೈದಾನದ ಪಕ್ಕ ಹಾದುಹೋಗುವಾಗ ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಕಂಡರೆ ಒಂದು ಪ್ರಶ್ನೆ ಕೇಳಿ. ಈ ವರ್ಷ ಎಷ್ಟು ಕಪ್ ಬಂತು ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಹುಡುಗ ಹುಡುಗಿಯರು ಮೈದಾನಕ್ಕೆ ಬಂದರು ಎಂದು ನೀವು ಕೇಳಿ. ಅವರಿಗೆ ಸಂತೋಷವಾಗುತ್ತದೆ.